ಅಂಗಳದ ಕಾಮಕಸ್ತೂರಿ: ಕಾಫಿ ಸಸಿಯಂತೆ ಸಾಕಬೇಡಿ



ಮಲ್ಲಿಗೆ ಜೊತೆ ಸೇರಿಸಿ ಮಾಲೆ ಕಟ್ಟುವ ಕಾಮಕಸ್ತೂರಿ ನಮಗೆಲ್ಲ ಗೊತ್ತು. ತುಳಸಿಗೆ ಹತ್ತಿರದ ಗಿಡ. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ಸಬ್ಜಾ ಬೀಜ ಇದರದ್ದೇ. ಹೋಂಸ್ಟೇ, ರೆಸಾರ್ಟ್ ಅಡುಗೆಯವರು ‘ಬೇಸಿಲ್’ ಅಂತ ಕೇಳುವುದೂ ಇದೇ ಜಾತಿಯ ಸೊಪ್ಪು. ಆ ತಳಿಯ ಎಲೆ ದೊಡ್ಡದು, ವಾಸನೆ ಸ್ವಲ್ಪ ಬೇರೆ, ಅಷ್ಟೇ.

ಬೀಜದಿಂದ ಬೆಳೆಸುವುದು ಸುಲಭ. ಆದರೂ ನಮ್ಮ ಮೊದಲ ಸಲದ ಸಸಿಗಳೆಲ್ಲ ಹಾಳಾದವು. ನಮ್ಮಲ್ಲಿ ಅನೇಕರು ತೋಟದ ನರ್ಸರಿಯಲ್ಲಿ ಕೆಲಸ ಮಾಡಿದವರು. ಕಾಫಿ ಬೀಜಕ್ಕೆ ಮಣ್ಣು, ಹುಲ್ಲು ಮುಚ್ಚಿ, ಚಪ್ಪರದ ನೆರಳು ಕೊಟ್ಟು, ಮೊಳಕೆಗೆ ಒಂದೂವರೆ ತಿಂಗಳು ಕಾಯುವುದು ಕೈಗೆ ಅಭ್ಯಾಸ. ಇದಕ್ಕೂ ಹಾಗೇ ಮಾಡಿದೆವು. ಅದೂ ಜೂನ್ ತಿಂಗಳಲ್ಲಿ! ಹುಟ್ಟಿದ ನಾಲ್ಕು ಸಸಿಯೂ ಬುಡ ಕೊಳೆತು ಮಲಗಿಬಿಟ್ಟವು.

ಕಾಮಕಸ್ತೂರಿಗೆ ಬೇಕಾದ್ದು ಬಿಸಿಲು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗ ನೋಡಿ. ಸಿಲ್ವರ್ ಮರದ ಕೆಳಗೆ ಬೇಡ. ನಮ್ಮ ಕೊಡಗಿನ ಮಳೆಗಾಲದಲ್ಲಿ ಬಿತ್ತಲೇಬೇಡಿ. ಫೆಬ್ರವರಿ-ಮಾರ್ಚ್ ಒಳ್ಳೆಯದು. ತುಲಾ ಸಂಕ್ರಮಣ ಕಳೆದು ಮಳೆ ಬಿಟ್ಟ ಮೇಲೂ ಆಗುತ್ತದೆ, ಆದರೆ ಡಿಸೆಂಬರ್ ಚಳಿಗೆ ಗಿಡ ನಿಧಾನ.

ಅಂಗಡಿಯ ಸಬ್ಜಾ ಬೀಜ ಹಳೆಯದಿರಬಹುದು. ಮೊದಲು 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಇಟ್ಟು ನೋಡಿ. ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮೊಳೆತರೆ ಬಿತ್ತಬಹುದು. ನೀರು ತಾಗಿದ ಕೂಡಲೇ ಬೀಜದ ಸುತ್ತ ಬಿಳಿ ಲೋಳೆ ಬರುತ್ತದೆ, ಅದು ಬೂಸ್ಟು ಅಲ್ಲ. ನಮ್ಮ ಒಬ್ಬ ಸದಸ್ಯೆ ಬೂಸ್ಟೆಂದು ಎಲ್ಲ ಎಸೆದುಬಿಟ್ಟಿದ್ದರು.

ಕಾಫಿ ಸಸಿಯ ಬ್ಯಾಗಿಗೆ ಆರು ಪಾಲು ಕಾಡು ಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಹಾಕುತ್ತೇವಲ್ಲ, ಇಲ್ಲಿ ಮರಳು ಇನ್ನೊಂದು ಪಾಲು ಹೆಚ್ಚಿಸಿ. ತಳದಲ್ಲಿ ತೂತು ಇರಲಿ. ಬೀಜವನ್ನು ಮೇಲೆ ಉದುರಿಸಿ, ಕಾಣದಷ್ಟು ತೆಳ್ಳಗೆ ಪುಡಿ ಮಣ್ಣು ಹಾಕಿದರೆ ಸಾಕು. ನೀರು ಚಿಮುಕಿಸಿ, ಸುರಿಯಬೇಡಿ. ಐದರಿಂದ ಹತ್ತು ದಿನದಲ್ಲಿ ಮೊಳಕೆ ಬರುತ್ತದೆ. ನಾಲ್ಕು ಎಲೆ ಬಂದ ಮೇಲೆ ಒಂದೊಂದು ಬ್ಯಾಗಿಗೆ ಒಂದೊಂದು ಸಸಿ ಉಳಿಸಿ. ಮುಂದೆ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು.

ಗಿಡ ಅರ್ಧ ಅಡಿ ಆದಾಗ ಕುಡಿ ಚಿವುಟಬೇಕು. ಇದಕ್ಕೆ ಎಲ್ಲರಿಗೂ ಮನಸ್ಸೇ ಬರೋದಿಲ್ಲ! ಆದರೆ ಚಿವುಟಿದ ಕಡೆ ಎರಡು ಕವಲು ಒಡೆಯುತ್ತವೆ, ಸೊಪ್ಪು ದುಪ್ಪಟ್ಟು. ಸೊಪ್ಪು ಬೇಕಾದರೆ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಎಲೆ ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ. ಹೂಗೊಂಚಲು ಕಂಡರೆ ಚಿವುಟಿಬಿಡಿ. ಹೂ ಬಿಟ್ಟರೆ ಎಲೆ ಸಣ್ಣದಾಗುತ್ತದೆ.

ಕಿತ್ತ ಸೊಪ್ಪನ್ನು ಫ್ರಿಜ್‌ನಲ್ಲಿಟ್ಟರೆ ಕಪ್ಪಾಗುತ್ತದೆ. ಹೂವಿನಂತೆ ದಂಟನ್ನು ನೀರಿನ ಲೋಟದಲ್ಲಿ ನಿಲ್ಲಿಸಿ. ಮಾರುವ ಆಸೆ ಇದ್ದರೆ, ಹತ್ತಿರದ ಹೋಂಸ್ಟೇಯವರು ವಾರಕ್ಕೆ ಎಷ್ಟು ಕಟ್ಟು ತೆಗೆದುಕೊಳ್ಳುತ್ತಾರೆಂದು ಮೊದಲೇ ಕೇಳಿ. ಕೇಳದೆ ಸಂಘದ ಸಾಲ ತೆಗೆದು ನೂರು ಬ್ಯಾಗ್ ಹಾಕಬೇಡಿ. ಸೊಪ್ಪು ಎರಡೇ ದಿನಕ್ಕೆ ಬಾಡುತ್ತದೆ, ಸಾಲದ ಕಂತು ಬಾಡೋದಿಲ್ಲ.

ಎರಡು ಗಿಡ ಮಾತ್ರ ಚಿವುಟದೆ ಬೀಜಕ್ಕೆ ಬಿಡಿ. ಗೊಂಚಲು ಕಂದು ಬಣ್ಣಕ್ಕೆ ತಿರುಗಿದಾಗ ಕೊಯ್ದು, ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಕೇರಿ. ಜೂನ್ ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಯಬೇಕು. ಒಂದು ಚಮಚ ಬೀಜ ಪೊಟ್ಟಣ ಕಟ್ಟಿ ಸಂಘದ ಸಭೆಗೆ ತನ್ನಿ, ಹಂಚಿಕೊಳ್ಳೋಣ.