ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಬೇರುನಾಳದ ಸೋಂಕು ನಿವಾರಣೆ: ಸಾರ್ವಜನಿಕರಿಗೆ ಮಾಹಿತಿ

ಹಲ್ಲಿನ ಹುಳುಕು ಹೊರಗಿನ ಗಟ್ಟಿ ಪದರಗಳನ್ನು ದಾಟಿ, ನರ ಹಾಗೂ ರಕ್ತನಾಳಗಳಿರುವ ದಂತಮಜ್ಜೆಯನ್ನು ತಲುಪಿದಾಗ ರೋಗಾಣುಗಳು ಬೇರಿನೊಳಗಿನ ನಾಳಗಳನ್ನು ಪ್ರವೇಶಿಸುತ್ತವೆ. ಆರಂಭದಲ್ಲಿ ತೀವ್ರ ನೋವಿದ್ದು, ಮಜ್ಜೆಯು ನಿರ್ಜೀವವಾದ ನಂತರ ನೋವು ತಾನಾಗಿಯೇ ಶಮನಗೊಳ್ಳುವುದುಂಟು. ಇದನ್ನು ರೋಗ ವಾಸಿಯಾದ ಲಕ್ಷಣವೆಂದು ಭಾವಿಸಬಾರದು. ಸೋಂಕು ಬೇರಿನ ತುದಿಯಿಂದ ದವಡೆಯ ಮೂಳೆಗೆ ಹರಡಿ, ಕೀವು ತುಂಬಿ, ಕಡೆಗೆ ಹಲ್ಲನ್ನು ಕೀಳಬೇಕಾದ ಸ್ಥಿತಿ ಉಂಟಾಗಬಹುದು.

ಇದಕ್ಕೆ ರೋಗಾಣುಗಳೇ ಮೂಲವೆಂಬುದು 1965ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪ್ರಯೋಗದಿಂದ ಸ್ಪಷ್ಟವಾಯಿತು. ರೋಗಾಣುರಹಿತ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿ ತೆರೆದಿಟ್ಟ ದಂತಮಜ್ಜೆಯು ಗುಣವಾಯಿತು. ಸಾಮಾನ್ಯ ಇಲಿಗಳಲ್ಲಿ ಕೊಳೆತು ನಾಶವಾಯಿತು. ಆದ್ದರಿಂದ ನಾಳವನ್ನು ತುಂಬುವ ಮುನ್ನ ಸೋಂಕುಮುಕ್ತಗೊಳಿಸುವುದು ಈ ಚಿಕಿತ್ಸೆಯ ಮುಖ್ಯ ಹಂತವಾಗಿದೆ.

ಮಾತ್ರೆ ನುಂಗಿದರೆ ಸಾಲದೇ ಎಂದು ಅನೇಕರು ಕೇಳುವುದುಂಟು. ನಿರ್ಜೀವವಾದ ಮಜ್ಜೆಗೆ ರಕ್ತಸಂಚಾರವಿಲ್ಲದ ಕಾರಣ ಪ್ರತಿಜೀವಕ ಔಷಧವು ನಾಳದ ಒಳಭಾಗವನ್ನು ತಲುಪುವುದಿಲ್ಲ. ಜ್ವರ ಅಥವಾ ಹರಡುತ್ತಿರುವ ಊತವಿದ್ದಲ್ಲಿ ಮಾತ್ರ ವೈದ್ಯರು ಅದನ್ನು ಸೂಚಿಸುತ್ತಾರೆ. ಆಗಲೂ ನಾಳದ ಶುದ್ಧೀಕರಣ ಅಗತ್ಯ.

ಮೊದಲಿಗೆ ಬಾಯಿಯ ಜೊಲ್ಲು ಹಲ್ಲಿನೊಳಗೆ ಸೇರದಂತೆ ರಬ್ಬರ್ ಹಾಳೆಯನ್ನು ಅಳವಡಿಸಲಾಗುತ್ತದೆ. ಔಷಧ ಗಂಟಲಿಗೆ ಇಳಿಯದಂತೆ ತಡೆಯುವುದೂ ಇದೇ ಹಾಳೆ. ಕೊಂಚ ಮುಜುಗರವೆನಿಸಿದರೂ ಬೇಡವೆನ್ನಬಾರದು. ಬಳಿಕ ಸೂಜಿಯಂತಹ ಉಪಕರಣಗಳಿಂದ ನಾಳವನ್ನು ಕೆರೆದು ಅಗಲಗೊಳಿಸಲಾಗುತ್ತದೆ. ಆದರೆ ನಾಳಗಳು ಡೊಂಕಾಗಿದ್ದು ಕವಲೊಡೆದಿರುವುದರಿಂದ ಉಪಕರಣವು ಎಲ್ಲ ಗೋಡೆಗಳನ್ನೂ ಮುಟ್ಟಲಾರದು. ಅಂತಹ ಸ್ಥಳಗಳಿಗೆ ದ್ರಾವಣವೇ ಗತಿ.

ಸೋಡಿಯಂ ಹೈಪೋಕ್ಲೋರೈಟ್ ಇವುಗಳಲ್ಲಿ ಪ್ರಮುಖವಾದುದು. ಬಟ್ಟೆ ಬಿಳುಪುಗೊಳಿಸುವ ದ್ರಾವಣದಲ್ಲಿರುವುದೂ ಇದೇ ರಾಸಾಯನಿಕ. ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಶೇ. 0.5ರಿಂದ 6ರವರೆಗಿನ ಪ್ರಮಾಣದಲ್ಲಿ ಬಳಕೆಯಲ್ಲಿದೆ. ಇದು ರೋಗಾಣುಗಳನ್ನು ಕೊಲ್ಲುವುದಲ್ಲದೆ ಕೊಳೆತ ಮಜ್ಜೆಯನ್ನು ಕರಗಿಸುತ್ತದೆ. ಎರಡೂ ಕಾರ್ಯಗಳನ್ನು ಇಷ್ಟು ಚೆನ್ನಾಗಿ ಮಾಡುವ ಬೇರೆ ದ್ರಾವಣ ಬಳಕೆಯಲ್ಲಿಲ್ಲ. ಬೇರಿನ ತುದಿಯಾಚೆ ಸೋರಿದಲ್ಲಿ ಮಾತ್ರ ತೀವ್ರ ನೋವು, ಊತ ಉಂಟಾಗುತ್ತದೆ. ಈ ಕಾರಣ ಪಕ್ಕದಲ್ಲಿ ರಂಧ್ರವಿರುವ ಸೂಜಿಯಿಂದ ನಿಧಾನವಾಗಿ ಹರಿಸಲಾಗುತ್ತದೆ. ಆ ಸಮಯದಲ್ಲಿ ಉರಿ ಅಥವಾ ಕ್ಲೋರಿನ್ ರುಚಿ ಕಂಡುಬಂದಲ್ಲಿ ರೋಗಿಯು ಕೂಡಲೇ ಕೈಯೆತ್ತಿ ಸೂಚಿಸಬೇಕು.

ಕೆರೆದಾಗ ಗೋಡೆಗೆ ಅಂಟಿದ ಪುಡಿಪದರವನ್ನು ತೆಗೆಯಲು ಶೇ. 17ರ ಇಡಿಟಿಎ ದ್ರಾವಣ ಬಳಸಲಾಗುತ್ತದೆ. ಕೆಲವೊಮ್ಮೆ ಶೇ. 2ರ ಕ್ಲೋರ್‌ಹೆಕ್ಸಿಡಿನ್ ಸಹ ಬಳಸುವುದುಂಟು. ಅದು ಹೈಪೋಕ್ಲೋರೈಟ್‌ನೊಂದಿಗೆ ಬೆರೆತರೆ ಕಂದುಬಣ್ಣದ ಗಷ್ಟು ಉಂಟಾಗುವುದರಿಂದ ನಡುವೆ ನಾಳವನ್ನು ತೊಳೆಯಲಾಗುತ್ತದೆ.

ಚಿಕಿತ್ಸೆ ಒಂದೇ ಭೇಟಿಯಲ್ಲಿ ಮುಗಿಯದಿದ್ದಲ್ಲಿ ನಾಳದೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪವನ್ನಿಟ್ಟು ತಾತ್ಕಾಲಿಕವಾಗಿ ಮುಚ್ಚಲಾಗುತ್ತದೆ. ಅನೇಕರು ತಪ್ಪುವುದು ಈ ಹಂತದಲ್ಲಿಯೇ. ನೋವು ನಿಂತಿತೆಂದು ಮುಂದಿನ ಭೇಟಿಗೆ ಬಾರದಿದ್ದರೆ ತಾತ್ಕಾಲಿಕ ಮುಚ್ಚಳವು ಸವೆದು ಜೊಲ್ಲು ಒಳನುಗ್ಗುತ್ತದೆ, ಸೋಂಕು ಮರುಕಳಿಸುತ್ತದೆ. ಮುಚ್ಚಳವು ಬಿದ್ದುಹೋದಲ್ಲಿ ನಿಗದಿತ ದಿನಾಂಕಕ್ಕೆ ಕಾಯದೆ ದಂತ ವಿಭಾಗವನ್ನು ಸಂಪರ್ಕಿಸಬೇಕು. ನಾಳ ತುಂಬಿದ ನಂತರವೂ ಶಾಶ್ವತ ಭರ್ತಿ ಹಾಗೂ ವೈದ್ಯರು ಸೂಚಿಸಿದಲ್ಲಿ ಕ್ಯಾಪ್ ಹಾಕಿಸುವುದು ಅವಶ್ಯಕ.

ಚಿಕಿತ್ಸೆಗೆ ಬರುವವರು ಹಿಂದಿನ ಎಕ್ಸ್-ರೇ ಮತ್ತು ಚಿಕಿತ್ಸಾ ಚೀಟಿಗಳನ್ನು ತರಬೇಕು. ಮಧುಮೇಹ, ಹೃದ್ರೋಗ, ಗರ್ಭಾವಸ್ಥೆ ಮತ್ತು ಔಷಧಗಳ ಅಲರ್ಜಿಯ ವಿವರಗಳನ್ನು ಮುಂಚಿತವಾಗಿ ತಿಳಿಸಬೇಕು. ಮುಖ ಅಥವಾ ಕತ್ತಿನಲ್ಲಿ ಊತ ಹೆಚ್ಚುತ್ತಿದ್ದು ನುಂಗಲು ಅಥವಾ ಉಸಿರಾಡಲು ಕಷ್ಟವಾದಲ್ಲಿ ತಡಮಾಡದೆ ಸಮೀಪದ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ತೆರಳಬೇಕು.