ಒಡೆಯನಿಲ್ಲದ ವೇಳೆ ಸಸಿಗೆ ನೀರು

ರಜೆ ಬಂದಿತೆಂದು ಊರಿಗೆ ಹೊರಟವರು ಹಾಲಿನವನಿಗೆ ಹೇಳುತ್ತಾರೆ, ಪತ್ರಿಕೆಯ ಹುಡುಗನಿಗೆ ಹೇಳುತ್ತಾರೆ, ಬೀಗದ ಕೈಯನ್ನು ನೆರೆಮನೆಗೆ ಒಪ್ಪಿಸುತ್ತಾರೆ. ಮಹಡಿಯ ಮೇಲೆ ಎರಡೆಲೆ ಬಿಟ್ಟು ನಿಂತಿರುವ ಸಸಿಗಳ ಗತಿಯೇನೆಂಬುದು ನೆನಪಾಗುವುದು ಬಸ್ಸು ಊರು ದಾಟಿದ ಮೇಲೆ. ಬೇರಿಳಿದ ಗಿಡವಾದರೆ ನಾಲ್ಕು ದಿನ ತಾಳಿಕೊಂಡೀತು. ಆದರೆ ಸಸಿಯ ಪಾಲಿಗೆ ಇರುವುದು ಒಂದು ಹಿಡಿಗಿಂತಲೂ ಕಡಮೆ ಮಣ್ಣು. ಬೇಸಗೆಯ ಒಂದೇ ಹಗಲಿನಲ್ಲಿ ಅದರ ತೇವವೆಲ್ಲ ಆರಿಹೋಗುವುದು.

ಇದನ್ನು ನಾನು ಪುಸ್ತಕ ನೋಡಿ ಕಲಿತವನಲ್ಲ, ಕಳೆದುಕೊಂಡು ಕಲಿತವನು. ನನ್ನ ತಾಯಿಯವರು ಉಡುಪಿಯ ಸೀಮೆಯವರು. ಅಲ್ಲಿನ ಮಟ್ಟು ಗ್ರಾಮದ ಗುಳ್ಳವನ್ನು, ಆ ದುಂಡನೆಯ ತಿಳಿಹಸುರು ಬದನೆಯನ್ನು, ತಿಂದು ಬಲ್ಲವರಿಗೆ ಅದರ ರುಚಿಯನ್ನು ವರ್ಣಿಸಬೇಕಾದುದಿಲ್ಲ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅದು ಎಂಬ ಐತಿಹ್ಯವೂ ಉಂಟು. ತಾಯಿಯವರು ವರ್ಷವರ್ಷವೂ ಒಳ್ಳೆಯ ಕಾಯೊಂದನ್ನು ಗಿಡದಲ್ಲಿಯೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಡಬ್ಬಿ ನನ್ನ ಪಾಲಿಗೆ ಬಂದಿತು. ಒಳಗಿದ್ದುದು ಎರಡು ಚಿಟಿಕೆಯಷ್ಟು ಬೀಜ.

ನಾನು ಪಾಠ ಹೇಳುವ ಊರು ಚಿತ್ರದುರ್ಗದ ಕಡೆಯ ಬಯಲುಸೀಮೆಯದು. ಮಹಡಿಯ ಮೇಲೆ ಬಿದಿರಿನ ಗಳುಗಳನ್ನು ಕಟ್ಟಿ, ಪಾಲಿಥೀನ್ ಹಾಳೆ ಹೊದಿಸಿ, ಹಸುರುಮನೆಯೆಂದು ದೊಡ್ಡ ಹೆಸರಿಟ್ಟಿದ್ದೆ. ಒಂದು ಚಿಟಿಕೆ ಬೀಜವನ್ನು ಕುಳಿಗಳುಳ್ಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿತ್ತಿದೆ. ನರ್ಸರಿಯವರು ಅದನ್ನು ಪ್ರೋಟ್ರೇ ಎನ್ನುತ್ತಾರೆ. ಸಸಿ ಬೆರಳುದ್ದ ಬೆಳೆಯುವ ವೇಳೆಗೆ ಏಪ್ರಿಲ್ ತಿಂಗಳು, ಮೌಲ್ಯಮಾಪನಕ್ಕೆಂದು ಹತ್ತು ದಿನ ಪರಸ್ಥಳಕ್ಕೆ ಹೋಗಬೇಕೆಂಬ ಆದೇಶ. ಸ್ಟೂಲಿನ ಮೇಲೆ ಬಕೆಟ್ಟು ತುಂಬಿಟ್ಟು, ಹಳೆಯ ಪಂಚೆಯನ್ನು ಸೀಳಿ, ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಕೆಳಗಿನ ತಟ್ಟೆಯ ಮೇಲೆ ಬರುವಂತೆ ಇಳಿಬಿಟ್ಟೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಇದೂ ಬೇಕಾದಷ್ಟೇ ನೀರನ್ನು ಕೊಡುವುದೆಂದು ನಂಬಿದ್ದೆ. ಹಾಳೆಯನ್ನು ನಾಲ್ಕು ಕಡೆಯೂ ಬಿಗಿದೆ. ಪಕ್ಕದ ಮನೆಯ ಹಿರಿಯರಿಗೆ ಒಂದು ಮಾತು ಹೇಳಿ ಹೊರಟೆ.

ಮರಳಿ ಬಂದಾಗ ತಟ್ಟೆಯಲ್ಲಿ ಉಳಿದಿದ್ದುದು ಒಣಗಿದ ದಾರದಂತಹ ಕಡ್ಡಿಗಳು. "ಮರುದಿನ ಬೆಳಗ್ಗೆ ನೋಡುತ್ತೇನೆ, ಬಕೆಟ್ಟು ಬರಿದು, ಮಹಡಿಯೆಲ್ಲ ಒದ್ದೆ. ಪಾಪ, ಸೆಕೆಯೆಂದು ಸಂಜೆ ಎರಡು ಚೊಂಬು ಹೊಯ್ಯುತ್ತ ಬಂದೆ, ಮೇಷ್ಟ್ರೇ," ಎಂದರು ಹಿರಿಯರು. ಅವರ ತಪ್ಪು ಇದರಲ್ಲಿ ಏನೂ ಇರಲಿಲ್ಲ.

ತಪ್ಪು ನನ್ನ ಬತ್ತಿಯದಾಗಿತ್ತು. ನೀರಿನ ಪಾತ್ರೆ ಮೇಲಿದ್ದು ಬಟ್ಟೆಯ ಹೊರತುದಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅದು ಬತ್ತಿಯಾಗಿ ಉಳಿಯುವುದಿಲ್ಲ, ಕೊಳವೆಯಾಗುತ್ತದೆ. ಅಂಚನ್ನು ದಾಟಿದ ನೀರು ತನ್ನ ಭಾರದಿಂದಲೇ ಇಳಿಯುತ್ತದೆ. ಮಣ್ಣು ತಣಿಯಿತೇ ಎಂದು ಕೇಳುವುದಿಲ್ಲ. ಪಾತ್ರೆ ಸಸಿಗಿಂತ ಕೆಳಗಿದ್ದಾಗಲೇ ನಿಜವಾದ ಬತ್ತಿಯ ಕೆಲಸ. ಆಗ ನೀರನ್ನು ಮೇಲಕ್ಕೆ ಎಳೆಯಬೇಕಾದುದು ಆರುತ್ತಿರುವ ಮಣ್ಣು. ಆರಿದಷ್ಟು ಎಳೆಯುತ್ತದೆ; ತೇವ ಸಾಕಾದರೆ ಎಳೆತ ತಾನಾಗಿ ತಗ್ಗುತ್ತದೆ. ದೀಪದಲ್ಲಿ ಎಣ್ಣೆ ಕೆಳಗೆ, ಉರಿ ಮೇಲೆ ಇರುವುದನ್ನು ದಿನವೂ ನೋಡಿಯೂ ನನಗೆ ಇದು ಹೊಳೆಯಲಿಲ್ಲವಲ್ಲ!

ಎರಡನೆಯ ತಪ್ಪು ಹಾಳೆಯದು. ಮುಚ್ಚಿಟ್ಟರೆ ನೀರು ಉಳಿಯುವುದೆಂಬುದು ಸುಳ್ಳಲ್ಲ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬಾತನು ಪತಂಗದ ಕೋಶವೊಂದನ್ನು ಒದ್ದೆಮಣ್ಣಿನೊಡನೆ ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟನು. ಪತಂಗಕ್ಕಿಂತ ಹೆಚ್ಚಾಗಿ ಆತನ ಮನಸ್ಸನ್ನು ಸೆಳೆದದ್ದು ಆ ಮಣ್ಣಿನಲ್ಲಿ ತಾನಾಗಿ ಮೊಳೆತ ಒಂದು ಜರಿಗಿಡ ಮತ್ತು ಹುಲ್ಲು. ಹಗಲು ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿದ್ದುದರಿಂದ ಅವು ವರ್ಷಗಟ್ಟಲೆ ಹನಿ ನೀರು ಕಾಣದೆ ಬದುಕಿದವು. ಇದನ್ನೇ ಅನುಸರಿಸಿ ಮಾಡಿದ ಗಾಜಿನ ಪೆಟ್ಟಿಗೆಗಳಲ್ಲಿ 1833ರಲ್ಲಿ ಗಿಡಗಳು ಇಂಗ್ಲೆಂಡಿನಿಂದ ಆಸ್ಟ್ರೇಲಿಯದವರೆಗೆ ತಿಂಗಳುಗಳ ಹಡಗುಪ್ರಯಾಣವನ್ನು ಸುಖವಾಗಿ ಮುಗಿಸಿದವು. ರಾಬರ್ಟ್ ಫಾರ್ಚ್ಯೂನನು ಚೀನದ ಚಹದ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ತಂದದ್ದೂ ಇಂತಹ ಪೆಟ್ಟಿಗೆಗಳಲ್ಲಿಯೇ. ಆದರೆ 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಂ ದಕ್ಷಿಣ ಅಮೆರಿಕದಿಂದ ಇದೇ ಬಗೆಯಲ್ಲಿ ಕಳುಹಿಸಿದ ಸಿಂಕೋನ ಗಿಡಗಳು ಕೆಂಪು ಸಮುದ್ರದ ಸೆಕೆಯಲ್ಲಿ ಬೆಂದು, ನೀಲಗಿರಿಯನ್ನು ಸೇರಿದರೂ ಉಳಿಯಲಿಲ್ಲ. ಮುಚ್ಚಳ ನೀರನ್ನು ಒಳಗಿರಿಸಬಲ್ಲುದು, ಬಿಸಿಯನ್ನು ಹೊರಗಿರಿಸಲಾರದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬಿಗಿದ ಪಾಲಿಥೀನ್ ಮನೆ ಒಲೆಯೇ ಸರಿ.

ಡಬ್ಬಿಯಲ್ಲಿ ಇನ್ನೊಂದು ಚಿಟಿಕೆ ಉಳಿದಿತ್ತು. ಅದನ್ನು ಮುಟ್ಟುವ ಧೈರ್ಯ ನನಗೆ ನಾಲ್ಕು ತಿಂಗಳು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಬಿತ್ತಿದೆ, ಗುಳ್ಳಕ್ಕೆ ಮಳೆಗಾಲ ಕಳೆದ ಮೇಲಿನದೇ ತಕ್ಕ ಕಾಲವೆಂದು ತಾಯಿಯವರು ಹೇಳುತ್ತಿದ್ದುದು ಆಗ ನೆನಪಾಯಿತು. ನಲವತ್ತು ಸಸಿ ಎದ್ದವು. ದಸರೆಗೆ ಹನ್ನೊಂದು ದಿನ ಊರಿಗೆ ಹೋಗಬೇಕಾಗಿತ್ತು.

ಈ ಸಲ ಮೊದಲು ಮಾಡಿದ ಕೆಲಸ ಸಸಿಯ ಬಾಯಾರಿಕೆಯನ್ನು ಅಳೆದದ್ದು. ನೀರುಣಿಸಿದ ತಟ್ಟೆಯನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಮರುದಿನ ಅದೇ ಹೊತ್ತಿಗೆ ಮತ್ತೆ ತೂಗಿದೆ. ಒಂದು ಗ್ರಾಂ ತೂಕ ಇಳಿಯಿತೆಂದರೆ ಒಂದು ಮಿಲಿಲೀಟರ್ ನೀರು ಹೋಯಿತೆಂದು ಅರ್ಥ. ಬಿಸಿಲಿನಲ್ಲಿಟ್ಟಾಗ ಒಂದು ದಿನಕ್ಕೆ 520 ಗ್ರಾಂ ಇಳಿದದ್ದು, ಮೆಟ್ಟಿಲ ಬದಿಯ ಬೆಳಕುಳ್ಳ ನೆರಳಿನಲ್ಲಿಟ್ಟಾಗ 240 ಗ್ರಾಂ ಮಾತ್ರ. ಕಾಸು ಖರ್ಚಿಲ್ಲದೆ ಅರ್ಧ ಬಾಯಾರಿಕೆ ಅಲ್ಲಿಯೇ ತೀರಿತು. ಹನ್ನೊಂದು ದಿನಕ್ಕೆ ಮೂರು ಲೀಟರಿಗೆ ಕಡಮೆ. ಬಟ್ಟೆಯಿಂದಲೂ ಮರಳಿನಿಂದಲೂ ಆರುವುದನ್ನು ಸೇರಿಸಿ ಏಳು ಲೀಟರ್ ಇಟ್ಟೆ.

ಏರ್ಪಾಡು ಹೀಗಿತ್ತು. ಎರಡು ಇಟ್ಟಿಗೆಗಳ ಮೇಲೆ ಹಲಗೆ. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚೆನ್ನಾಗಿ ನೆನೆಸಿದ ಹಳೆಯ ಹತ್ತಿಯ ಟವಲು. ಟವಲಿನ ಒಂದು ಸೆರಗು ಪಕ್ಕದ ಅಗಲ ಬೋಗುಣಿಯ ನೀರಿಗೆ ಇಳಿದಿರಬೇಕು. ಬಕೆಟ್ಟಿನಂತಹ ಆಳದ ಪಾತ್ರೆ ಬೇಡ. ನೀರು ತಗ್ಗಿದಂತೆಲ್ಲ ಬಟ್ಟೆ ಏರಬೇಕಾದ ಎತ್ತರ ಹೆಚ್ಚುತ್ತದೆ, ಗೇಣಿಗಿಂತ ಮೇಲಕ್ಕೆ ಹತ್ತಿಯ ಬಟ್ಟೆ ಬಲು ನಿಧಾನವಾಗಿ ಏರುತ್ತದೆ. ಟವಲಿನ ಮೇಲೆ ಬೆರಳು ದಪ್ಪ ಒದ್ದೆಮರಳನ್ನು ಹರಡಿ, ತಟ್ಟೆಯನ್ನು ಅದರಲ್ಲಿ ಒತ್ತಿ ಕೂರಿಸಿದೆ. ಮರಳಿಲ್ಲದಿದ್ದರೆ ಕುಳಿಯ ತೂತಿನ ಮಣ್ಣಿಗೂ ಬಟ್ಟೆಗೂ ನಡುವೆ ಗಾಳಿ ಉಳಿದು ಸಂಬಂಧವೇ ಕಡಿದುಹೋಗುತ್ತದೆ. ಬೋಗುಣಿಯ ಬಾಯಿಗೆ ಬಟ್ಟೆ ಕಟ್ಟುವುದನ್ನು ಮರೆಯಬಾರದು. ನಿಂತ ನೀರಿನಲ್ಲಿ ಸುಮಾರು ಹತ್ತು ದಿನದಲ್ಲಿ ಸೊಳ್ಳೆಯ ಒಂದು ಸಂತಾನವೇ ಹಾರಿಹೋಗುವುದು. ಸಸಿ ಉಳಿಸಲು ಹೋಗಿ ಬೀದಿಗೆ ಡೆಂಗೆ ಹಂಚಬೇಕೆ? ಹೊರಡುವುದಕ್ಕೆ ಮುನ್ನ ಮೂರು ದಿನ, ಮನೆಯಲ್ಲಿದ್ದೂ ಇಲ್ಲದವನಂತೆ, ಕೈಯಾರೆ ಹನಿ ನೀರು ಹಾಕದೆ ಪರೀಕ್ಷೆ ನೋಡಿದೆ. ತಟ್ಟೆಯ ತೂಕ ಹೆಚ್ಚುಕಡಮೆ ಇದ್ದಲ್ಲಿಯೇ ನಿಂತಿತು.

ಇನ್ನು ಬಾಟಲಿಯನ್ನು ತಲೆಕೆಳಗಾಗಿ ಮಣ್ಣಿಗೆ ಚುಚ್ಚುವ ಉಪಾಯವನ್ನು ಹಲವರು ಹೊಗಳುತ್ತಾರೆ. ನನಗಂತೂ ಅದು ಒಮ್ಮೆ ಗಂಟೆಯಲ್ಲಿ ಬರಿದಾಗಿ, ಇನ್ನೊಮ್ಮೆ ಕೆಸರು ಕಟ್ಟಿ ಹನಿಯೂ ಬಿಡದೆ ಕೈಕೊಟ್ಟಿತು. ತಟ್ಟೆಯನ್ನು ನೀರಿನಲ್ಲಿಯೇ ನಿಲ್ಲಿಸಿ ಹೋದರೆ ಬೇರಿಗೆ ಉಸಿರಿಲ್ಲದೆ ಬುಡ ಕೊಳೆಯುತ್ತದೆ. ನೆಲದ ಮಡಿಯಲ್ಲಿ ಸಸಿಯಿದ್ದವರಿಗೆ ಮಾತ್ರ ಕುಂಬಾರನ ಮಡಕೆಗಿಂತ ಒಳ್ಳೆಯದಿಲ್ಲ: ಮೆರುಗಿಲ್ಲದ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಮುಚ್ಚಿಟ್ಟರಾಯಿತು. ಎರಡು ಸಾವಿರ ವರ್ಷಗಳ ಹಿಂದಿನ ಚೀನದ ಫಾನ್ ಷೆಂಗ್‌ಜಿಯ ಕೃಷಿಗ್ರಂಥವೇ ಈ ಕ್ರಮವನ್ನು ಹೇಳಿದೆ.

ದಸರೆ ಮುಗಿಸಿ ಬಂದವನು ಪೆಟ್ಟಿಗೆಯನ್ನು ಕೆಳಗಿಡದೆಯೇ ಮೆಟ್ಟಿಲ ಬಳಿಗೆ ಹೋದೆ. ನಲವತ್ತರಲ್ಲಿ ಮೂವತ್ತೇಳು ನಿಂತಿದ್ದವು. ಮೂಲೆಯ ಮೂರು ಮರಳಿನಿಂದ ಎದ್ದು ಒಣಗಿದ್ದವು. ಇಲಿಯೋ ಅಳಿಲೋ ಎಳೆದಿರಬೇಕು. ನೆರಳಿನಲ್ಲಿ ಸ್ವಲ್ಪ ಸೊರಗಿ ಉದ್ದವಾಗಿದ್ದುದರಿಂದ ಒಮ್ಮೆಗೇ ಬಿಸಿಲಿಗಿಡದೆ, ನಾಲ್ಕು ದಿನ ಬೆಳಗಿನ ಎಳೆಬಿಸಿಲಿನಲ್ಲಿ ಮಾತ್ರ ಇಟ್ಟು ಗಟ್ಟಿಮಾಡಿದೆ.

ಎರಡು ಸಸಿಗಳನ್ನು ಪಕ್ಕದ ಮನೆಯ ಹಿರಿಯರಿಗೆ ಕೊಟ್ಟೆ. "ಇದಕ್ಕೆ ದಿನಕ್ಕೆ ಎಷ್ಟು ಚೊಂಬು, ಮೇಷ್ಟ್ರೇ?" ಎಂದು ಕೇಳಿದರು. ಈಗ ಅವರ ಹಿತ್ತಿಲಿನ ಗಿಡದಲ್ಲಿ ಒಂದು ಕಾಯಿ ಬೀಜಕ್ಕೆಂದು ಹಣ್ಣಾಗುತ್ತಿದೆ.