ತೈಲಬಾವಿಯ ಓದು: ಎಂ.ಟೆಕ್ ಸೇರುವ ಮುನ್ನ ತಿಳಿದಿರಲಿ

ಗುರುಗ್ರಾಮ: ಕರ್ನಾಟಕದಲ್ಲಿ ತೈಲಬಾವಿಗಳಿಲ್ಲ, ಗುರುಗ್ರಾಮದಲ್ಲೂ ಇಲ್ಲ. ಆದರೆ ರಾಜಸ್ಥಾನದ ಬಾರ್ಮೇರ್ ಮರಳುಗಾಡಿನಿಂದ ತೈಲ ತೆಗೆಯುವ ವೇದಾಂತ ಸಮೂಹದ ಕೇರ್ನ್‌ನ ಪ್ರಧಾನ ಕಚೇರಿ ಇರುವುದು ಇದೇ ಊರಿನಲ್ಲಿ. ಇಂಡಿಯನ್ ಆಯಿಲ್‌ನ ಸಂಶೋಧನಾ ಕೇಂದ್ರ ಪಕ್ಕದ ಫರೀದಾಬಾದಿನಲ್ಲಿದೆ. ಹೀಗಾಗಿ ಇಲ್ಲಿನ ಕನ್ನಡಿಗರ ಮನೆಗಳ ಮಕ್ಕಳಿಗೆ ಪೆಟ್ರೋಲಿಯಂ ಎಂಜಿನಿಯರಿಂಗ್ ದೂರದ ಮಾತಲ್ಲ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಊರಿಗೆ ಮರಳಿ ಮಂಗಳೂರಿನ ಎಂಆರ್‌ಪಿಎಲ್ ಸೇರಬಹುದೆಂಬ ಆಸೆಯಿಂದ ಈ ವಿಷಯ ಆರಿಸಿಕೊಂಡರೆ ಲೆಕ್ಕ ತಪ್ಪೀತು. ಅದು ಕಚ್ಚಾ ತೈಲ ಶುದ್ಧೀಕರಿಸುವ ಕಾರ್ಖಾನೆ. ಅಲ್ಲಿ ಹೆಚ್ಚು ಬೇಕಾದುದು ಕೆಮಿಕಲ್ ಎಂಜಿನಿಯರಿಂಗ್. ಪೆಟ್ರೋಲಿಯಂ ಎಂಜಿನಿಯರನ ಕೆಲಸ ಅದಕ್ಕೂ ಮುಂಚಿನದು: ಬಾವಿ ಕೊರೆಯುವುದು, ಬಂಡೆಯ ರಂಧ್ರಗಳಲ್ಲಿರುವ ತೈಲವನ್ನು ಅಂದಾಜು ಮಾಡುವುದು, ಅದನ್ನು ಮೇಲೆ ತರುವುದು.

ಬಾರ್ಮೇರ್ ಕಲಿಸುವ ಪಾಠ

ಬಾರ್ಮೇರ್‌ನ ಮಂಗಳಾ ಕ್ಷೇತ್ರ ಪತ್ತೆಯಾದದ್ದು 2004ರಲ್ಲಿ, ಉತ್ಪಾದನೆ ಶುರುವಾದದ್ದು 2009ರಲ್ಲಿ. ಅಲ್ಲಿನ ತೈಲದಲ್ಲಿ ಮೇಣದ ಅಂಶ ಹೆಚ್ಚು, ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಅದಕ್ಕಾಗಿ ಗುಜರಾತ್ ಕರಾವಳಿಯವರೆಗೆ ಸುಮಾರು 670 ಕಿ.ಮೀ. ಉದ್ದಕ್ಕೂ ಬಿಸಿಯಾಗಿಯೇ ಇರುವ ಪೈಪ್‌ಲೈನ್ ಹಾಕಲಾಗಿದೆ. ಮುಂದೆ ಬಾವಿಗಳಿಗೆ ಪಾಲಿಮರ್ ಬೆರೆಸಿದ ನೀರು ತುಂಬಿ, ಉಳಿದ ತೈಲವನ್ನು ತಳ್ಳುವ ಕ್ರಮವೂ ಬಂತು. ಸ್ನಾತಕೋತ್ತರ ಪಾಠಗಳಲ್ಲಿ ಬರುವುದು ಇಂಥ ಸಮಸ್ಯೆಗಳೇ.

ಎಲ್ಲಿ ಓದಬಹುದು?

1926ರಲ್ಲಿ ಆರಂಭವಾಗಿ 2016ರಲ್ಲಿ ಐಐಟಿಯಾದ ಧನಬಾದ್‌ನ ಐಎಸ್‌ಎಂ ಈ ವಿಷಯದ ಹಳೆಯ ಮನೆ. ಉತ್ತರ ಪ್ರದೇಶದ ಜಾಯಸ್‌ನಲ್ಲಿರುವ ರಾಜೀವ್ ಗಾಂಧಿ ಪೆಟ್ರೋಲಿಯಂ ತಂತ್ರಜ್ಞಾನ ಸಂಸ್ಥೆ, ಗಾಂಧಿನಗರದ ಪಂಡಿತ್ ದೀನದಯಾಳ್ ಎನರ್ಜಿ ವಿಶ್ವವಿದ್ಯಾಲಯ, ಡೆಹ್ರಾಡೂನ್‌ನ ಯುಪಿಇಎಸ್ ಕೂಡ ಈ ಕ್ಷೇತ್ರದಲ್ಲಿ ಹೆಸರು ಮಾಡಿವೆ. ಐಐಟಿ ಎಂ.ಟೆಕ್‌ಗೆ ಸಾಮಾನ್ಯ ದಾರಿ ಗೇಟ್ ಪರೀಕ್ಷೆ. 2017ರಿಂದ ಪೆಟ್ರೋಲಿಯಂಗೇ ಪ್ರತ್ಯೇಕ ಪತ್ರಿಕೆ ಇದೆ. ಗೇಟ್ ಅಂಕ ಮೂರು ವರ್ಷ ಊರ್ಜಿತ. ಮೆಕ್ಯಾನಿಕಲ್, ಕೆಮಿಕಲ್ ಪದವೀಧರರಿಗೂ ಕೆಲವೆಡೆ ಅವಕಾಶವಿರುವುದರಿಂದ ಆಯಾ ಸಂಸ್ಥೆಯ ಪ್ರವೇಶ ಪ್ರಕಟಣೆಯನ್ನು ನೋಡಿಕೊಳ್ಳುವುದು ಒಳಿತು.

ಬೆಲೆಯ ಏರಿಳಿತ

ಕಷ್ಟವಿರುವುದು ಓದಿನಲ್ಲಲ್ಲ, ಕಾಲದಲ್ಲಿ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಆರಂಭದಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. ಬೆಲೆ ಬಿದ್ದಾಗ ಕಂಪನಿಗಳು ಮೊದಲು ನಿಲ್ಲಿಸುವುದು ಹೊಸ ಬಾವಿ, ಅದರ ಹಿಂದೆಯೇ ಹೊಸ ನೇಮಕಾತಿ. ಎರಡು ವರ್ಷದ ಓದು ಸೇರುವಾಗ ಇದ್ದ ಬೆಲೆ ಮುಗಿಸುವಾಗ ಇರುತ್ತದೆಂಬ ಭರವಸೆಯಿಲ್ಲ.

ಮನೆಯವರೂ ಯೋಚಿಸಬೇಕಾದ ಸಂಗತಿಗಳಿವೆ. ಸಮುದ್ರದ ರಿಗ್‌ಗಳಲ್ಲಿ 14 ದಿನ ಕೆಲಸ, 14 ದಿನ ರಜೆಯ ಪದ್ಧತಿ ರೂಢಿಯಲ್ಲಿದೆ. ಹಬ್ಬಕ್ಕೆ ಮನೆಗೆ ಬರುವುದು ಪಾಳಿಯ ಪಟ್ಟಿಯನ್ನು ಅವಲಂಬಿಸಿದ್ದು.

ಹಾಗೆಂದು ಈ ಓದಿಗೆ ಬೆಲೆಯಿಲ್ಲ ಎನ್ನುವಂತಿಲ್ಲ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಭೂಶಾಖ ವಿದ್ಯುತ್ತಿಗೂ, ಇಂಗಾಲದ ಡೈಆಕ್ಸೈಡನ್ನು ನೆಲದಡಿ ಹುದುಗಿಸುವುದಕ್ಕೂ ಬಾವಿ, ಬಂಡೆ ಬಲ್ಲವರೇ ಬೇಕು. ಸೀಟು ಒಪ್ಪಿಕೊಳ್ಳುವ ಮುನ್ನ ಒಂದು ವರ್ಷದ್ದಲ್ಲ, ಐದಾರು ವರ್ಷಗಳ ನೇಮಕಾತಿ ವಿವರ ಕೇಳಿ ಪಡೆಯುವುದು ಜಾಣತನ.